ಶಾಕವ್ರತದ ಪರದೆಯಲ್ಲಿ ಎಲೆಕೋಸು

ಸಾಲಿನಲ್ಲಿರುವ ಒಂದು ವಸ್ತುವನ್ನು ತೆಗೆಯುವುದು ಹೇಗೆ ಎಂಬ ವಿಷಯದಲ್ಲಿ ನನ್ನಷ್ಟು ಅಧಿಕಾರದಿಂದ ಮಾತನಾಡಬಲ್ಲವರು ಇಡೀ ನಂಜನಗೂಡು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ದ್ವಿತೀಯ ಪಿಯುಸಿಯ ಮಕ್ಕಳಿಗೆ ಕಂಪ್ಯೂಟರ್ ಸೈನ್ಸ್ ಹೇಳಿಕೊಡುವ ನಾನು ಪ್ರತಿ ವರ್ಷವೂ ಅದನ್ನೇ ಪಾಠ ಮಾಡುತ್ತೇನೆ. ಐದು ಅಂಕದ ಪ್ರಶ್ನೆ! "ಒಂದನ್ನು ತೆಗೆದರೆ ಹಿಂದೆ ಇರುವುದೆಲ್ಲ ಒಂದೊಂದು ಹೆಜ್ಜೆ ಮುಂದಕ್ಕೆ ಬರುತ್ತೆ, ಮರೀಬೇಡಿ" ಎಂದು ಗಂಟಲು ಹರಿಯುವಂತೆ ಕೂಗಿ, ಬೋರ್ಡಿನ ಮೇಲೆ ಬಾಣಗಳನ್ನು ಬರೆದು, ಮರೆತವರ ಅಂಕಗಳನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದವನು ನಾನು.

ಇಂಥ ನಾನು ಈ ಸಲದ ಬೇಸಿಗೆ ರಜೆಯಲ್ಲಿ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್ ಒಂದನ್ನು ಕಲಿತೆ. ಫ್ರೇಮ್‌ವರ್ಕ್ ಎಂದರೆ ಹೆದರಬೇಕಾಗಿಲ್ಲ. ವೆಬ್ ಪುಟ ಕಟ್ಟುವುದಕ್ಕೆ ಬೇಕಾದ ಕಂಬ, ತೊಲೆ, ಬಾಗಿಲುಗಳನ್ನೆಲ್ಲ ಯಾರೋ ಪುಣ್ಯಾತ್ಮರು ಮೊದಲೇ ಮಾಡಿಟ್ಟಿರುತ್ತಾರೆ, ನಾವು ಜೋಡಿಸಿಕೊಂಡರೆ ಸಾಕು. ಅದರಲ್ಲಿರುವ ದೊಡ್ಡ ಸೊಗಸು ಏನೆಂದರೆ, ಒಳಗಿರುವ ಪಟ್ಟಿಯನ್ನು ಬದಲಾಯಿಸಿದರೆ ಹೊರಗಿನ ಪರದೆ ತಾನಾಗಿಯೇ ಬದಲಾಗುತ್ತದೆ. ನಾನು ಮೊಟ್ಟಮೊದಲು ಪಟ್ಟಿಯಿಂದ ಒಂದು ತರಕಾರಿಯನ್ನು ತೆಗೆದಾಗ ಪರದೆಯ ಮೇಲಿಂದಲೂ ಅದು ಮಾಯವಾಯಿತು. ನನಗಾದ ಸಂತೋಷವನ್ನು ಏನೆಂದು ಹೇಳಲಿ! ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ.

"ಸುಧಾ! ಬೇಗ ಬಾ! ಬದನೆಕಾಯಿ ಹೋಯ್ತು!"

ನನ್ನ ಹೆಂಡತಿ ಸುಧಾ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದಳು. "ಅಯ್ಯೋ, ಯಾರ್ ತಗೊಂಡ್ ಹೋದ್ರು? ಈಗ್ತಾನೆ ಹೆಚ್ಚಿಟ್ಟಿದ್ದೆ!"

ವಿಷಯ ತಿಳಿದ ಮೇಲೆ ಅವಳು ನನ್ನನ್ನೂ ಪರದೆಯನ್ನೂ ಒಂದು ಸಲ ನೋಡಿದಳು. ಆದರೆ ಬೈಯಲಿಲ್ಲ. ನಿಜವಾಗಿ ಹೇಳಬೇಕೆಂದರೆ ಅವಳಿಗೆ ನನ್ನ ಮೇಲೆ ಹೆಮ್ಮೆಯೇ ಆಯಿತು. ಆ ಹೆಮ್ಮೆಯೇ ಮುಂದಿನ ಎಲ್ಲ ಅನಾಹುತಗಳ ತಾಯಿಬೇರು.

ಸುಧಾಳ ತಮ್ಮ ಶ್ರೀಧರ ಟಿ. ನರಸೀಪುರದಲ್ಲಿ ಹೊಸದಾಗಿ ಅಡುಗೆ ಕಾಂಟ್ರಾಕ್ಟ್ ಶುರು ಮಾಡಿದ್ದ. ಅವನ ಕಷ್ಟವೆಂದರೆ ನಮ್ಮವರ ಊಟದ ಕಟ್ಟುಪಾಡು. ಒಬ್ಬರಿಗೆ ಈರುಳ್ಳಿ ಆಗದು, ಶ್ರಾದ್ಧಕ್ಕೆ ಇಂಥದ್ದು ಕೂಡದು, ಏಕಾದಶಿಯಲ್ಲಿ ಏನೂ ಇಲ್ಲ. ಅದರ ಮೇಲೆ ಚಾತುರ್ಮಾಸ್ಯ ಬಂದರಂತೂ ತಿಂಗಳಿಗೊಂದು ವ್ರತ. ಮೊದಲನೆಯ ತಿಂಗಳು ಶಾಕವ್ರತ, ತರಕಾರಿಯನ್ನು ಮುಟ್ಟುವಂತಿಲ್ಲ. ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯ ತಿಂಗಳು ಹಾಲಿಲ್ಲ, ನಾಲ್ಕನೆಯ ತಿಂಗಳು ಬೇಳೆಯಿಲ್ಲ. ಇದನ್ನು ಕೇಳಿದ ಕೂಡಲೇ ನನ್ನ ಮೈಯಲ್ಲಿ ವಿದ್ಯುತ್ ಹರಿಯಿತು. ಅಡುಗೆ ಸಾಮಾನಿನ ಒಂದು ಪಟ್ಟಿ, ವ್ರತಕ್ಕೊಂದು ಗುಂಡಿ. ಗುಂಡಿ ಒತ್ತಿದರೆ ಕೂಡದ್ದೆಲ್ಲ ಪಟ್ಟಿಯಿಂದ ಹೊರಗೆ! ಈ ಮಹತ್ಕಾರ್ಯಕ್ಕಾಗಿಯೇ ನಾನು ಭೂಮಿಗೆ ಬಂದವನು ಎನ್ನಿಸಿತು.

ಶ್ರೀಧರ ಹಿಂದೆಮುಂದೆ ನೋಡಿದ. "ಅಕ್ಕ, ನಮ್ಮ ಆಚಾರ್ರಿಗೆ ಇದೆಲ್ಲ ಬಾಯಿಗೇ ಬರತ್ತೆ. ಕಂಪ್ಯೂಟರ್ ಯಾಕೆ?"

"ನಮ್ಮನೆಯವರು ಹಗಲೆಲ್ಲ ಕೂತು ಮಾಡಿದಾರೆ ಕಣೋ. ಏನೂ ತಪ್ಪಾಗಲ್ಲ, ನನ್ನ ಮಾತಿನ ಮೇಲೆ ಇಟ್ಕೋ" ಎಂದಳು ಸುಧಾ.

ಅವಳು ಮಾತು ಕೊಟ್ಟದ್ದು ಸಣ್ಣ ಸಮಾರಂಭಕ್ಕಲ್ಲ. ಅವರ ದೊಡ್ಡಪ್ಪನ ಎಪ್ಪತ್ತನೆಯ ವರ್ಷದ ಶಾಂತಿಗೆ! ಹುಟ್ಟಿದ ನಕ್ಷತ್ರ ಆಷಾಢದ ಕೊನೆಗೇ ಬರುತ್ತಿತ್ತು, ಅಂದರೆ ಸರಿಯಾಗಿ ಶಾಕವ್ರತದ ನಡುವೆ. ನಾನು ದೊಡ್ಡಮಾವ ಎಂದು ಕರೆಯುವ ಈ ಹಿರಿಯರು ಸಂಸ್ಕೃತದ ನಿವೃತ್ತ ಮೇಷ್ಟ್ರು. ಉಪನಯನವಾದ ವರ್ಷದಿಂದ ಒಮ್ಮೆಯೂ ವ್ರತ ತಪ್ಪಿಸಿದವರಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಸಾರಿನಲ್ಲಿ ಕೊತ್ತಂಬರಿ ಸೊಪ್ಪು ಕಂಡಿತೆಂದು ಲೋಟವನ್ನು ಪಕ್ಕಕ್ಕೆ ಇಟ್ಟವರು. ಅವರು ಚೆನ್ನಾಗಿದೆ ಎಂದರೆ ನೆಂಟರಿಷ್ಟರ ಮನೆಯ ಅಡುಗೆಯೆಲ್ಲ ಶ್ರೀಧರನ ಪಾಲಿಗೆ. ಅವರು ಎಲೆ ಬಿಟ್ಟು ಎದ್ದರೆ ಅವನು ಒಲೆಯನ್ನು ಆರಿಸಿ ಬೇರೆ ಕೆಲಸ ನೋಡಿಕೊಳ್ಳಬೇಕು, ಸುಧಾ ತವರಿನ ಕಡೆ ತಲೆಯೆತ್ತುವಂತಿಲ್ಲ.

ನನಗೆ ಮಾತ್ರ ಒಂದಿಷ್ಟೂ ಅಳುಕಿರಲಿಲ್ಲ. ಶಾಂತಿಯ ಹಿಂದಿನ ದಿನ ನಂಜನಗೂಡಿನ ನಮ್ಮ ಮನೆಯಲ್ಲಿ ಕುಳಿತು, ಮಂಗಳಾರತಿ ಎತ್ತುವಷ್ಟು ಭಕ್ತಿಯಿಂದ 'ಶಾಕವ್ರತ' ಗುಂಡಿಯನ್ನು ಒತ್ತಿದೆ. ಪಟ್ಟಿ ಸರ್ರನೆ ಚಿಕ್ಕದಾಯಿತು. ಬದನೆಕಾಯಿ ಇಲ್ಲ! ಕ್ಯಾರೆಟ್ ಇಲ್ಲ! ಅಷ್ಟು ಸಾಕಾಯಿತು ನನಗೆ. ಪೂರ್ತಿ ಓದುವುದಾದರೆ ಕಂಪ್ಯೂಟರ್ ಯಾತಕ್ಕೆ? ಉಳಿದ ಸಾಮಾನನ್ನು ತರುವಂತೆ ಬನ್ನೂರಿನ ಲಗೇಜ್ ಆಟೋದ ಮಾದಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿ, ಒಂದು ಲೋಟ ಕಾಫಿ ಕುಡಿದು, ಕಾಲು ಚಾಚಿದೆ.

ಬೆಳಿಗ್ಗೆ ಟಿ. ನರಸೀಪುರದ ಸಂಗಮದ ಹತ್ತಿರದ ಛತ್ರದಲ್ಲಿ ನನ್ನ ದರ್ಬಾರು ಶುರುವಾಯಿತು. ಅಡುಗೆಮನೆಯ ಗೋಡೆಗೆ ಟೀವಿ ತೂಗುಹಾಕಿಸಿ, ಹಿಂದಿನ ದಿನದ ಪುಟ ತೆರೆದೇ ಇದ್ದ ನನ್ನ ಲ್ಯಾಪ್‌ಟಾಪಿನಿಂದ ಅದಕ್ಕೆ ವೈರು ಎಳೆದಿದ್ದೆ. 'ಇಂದಿನ ಅಡುಗೆ' ಎಂದು ಮೇಲೆ ದೊಡ್ಡ ಅಕ್ಷರ, ಕೆಳಗೆ ಸಾಮಾನಿನ ಪಟ್ಟಿ. ಮುಖ್ಯ ಅಡುಗೆಯವರಾದ ವೆಂಕಣ್ಣಾಚಾರ್ರನ್ನು ಕರೆದು ಗಂಭೀರವಾಗಿ ಭಾಷಣ ಮಾಡಿದೆ.

"ಆಚಾರ್ರೇ, ಇನ್ನು ಮೇಲೆ ಪರದೆಯಲ್ಲಿ ಇರೋದು ಮಾತ್ರ ಒಲೆಗೆ. ಪರದೆಯಲ್ಲಿ ಇಲ್ಲದ್ದು ಒಲೆ ಮೇಲಿರಕೂಡದು. ನಿಮ್ಮ ಸ್ವಂತ ಬುದ್ಧಿಯನ್ನ ದಯವಿಟ್ಟು ಉಪಯೋಗಿಸಬೇಡಿ."

"ಆಗ್ಲಿ ಸ್ವಾಮಿ. ನನಗೂ ವಯಸ್ಸಾಯ್ತು, ಬುದ್ಧಿಗೆ ಒಂದು ದಿನ ರಜ ಸಿಕ್ಕಿದ್ರೆ ಒಳ್ಳೇದೇ" ಎಂದರು ಆಚಾರ್ರು.

ಅಷ್ಟರಲ್ಲಿ ಹಿತ್ತಲ ಬಾಗಿಲ ಹತ್ತಿರ ಆಟೋ ನಿಂತ ಸದ್ದಾಯಿತು. ಮಾದಪ್ಪ ಇಣುಕಿದ. "ಸಾ, ಕೋಸು ಎಲ್ಲಿಗ್ ಇಳಿಸ್ಲಿ?"

"ಯಾವ ಕೋಸು?"

"ಎಲೆಕೋಸು ಸಾ. ಬೀನ್ಸು, ಸೌತೆಕಾಯಿನೂ ಅವೆ. ಅಕ್ಕಿ ಬೇಳೆ ರಾತ್ರೇನೆ ಇಳಿಸಿದ್ದೆ, ಇವ್ನ ಬೆಳಕರೀತಿದ್ದಂಗೆ ಓಗಿ ತಂದಿವ್ನಿ, ಒಳ್ಳೇ ಮಾಲು!"

ತಲೆಯೆತ್ತಿ ಟೀವಿ ನೋಡಿದೆ. ಅಕ್ಕಿ, ತೊಗರಿಬೇಳೆ, ತುಪ್ಪ, ಬೆಲ್ಲ, ಮೆಣಸು... ಅವುಗಳ ಕೆಳಗೆ ಬೀನ್ಸ್, ಎಲೆಕೋಸು, ಸೌತೆಕಾಯಿ ಮೂವರೂ ಮದುವೆಗೆ ಬಂದ ಬೀಗರ ಹಾಗೆ ರಾಜಾರೋಷವಾಗಿ ಕುಳಿತಿದ್ದರು!

"ಮಾದಪ್ಪ, ಇಳಿಸ್ಬೇಡ! ಗಾಡಿಯಲ್ಲೇ ಇರಲಿ! ಯಾರಾದ್ರೂ ಕೇಳಿದ್ರೆ..."

"ಅಂಗಾರೆ ಟಾರ್ಪಾಲು ಮುಚ್ಬುಡ್ತೀನಿ ಬುಡಿ ಸಾ" ಎಂದು ಅವನು ಹೊರಟ. ನನ್ನ ಮುಖ ನೋಡಿಯೇ ಇದು ಗುಟ್ಟಿನ ಮಾಲು ಎಂದು ಅವನಿಗೆ ಅರ್ಥವಾಗಿತ್ತು.

ಗಾಬರಿ ಬೇಡ, ಇನ್ನೊಂದು ಸಲ ಒತ್ತಿದರೆ ಆಯಿತು ಎಂದುಕೊಂಡು ಗುಂಡಿ ಒತ್ತಿದೆ. ಬೀನ್ಸ್ ಹೋಯಿತು! ಸೌತೆಕಾಯಿ ಹೋಯಿತು! ಎಲೆಕೋಸು ಮಾತ್ರ ಅಲ್ಲಾಡಲಿಲ್ಲ. ಇನ್ನೊಮ್ಮೆ ಒತ್ತಿದ್ದರೆ ಅದೂ ಹೋಗುತ್ತಿತ್ತೆಂದು ಈಗ ಗೊತ್ತು. ಆಗ ನನಗೆ ಸ್ವಾಭಿಮಾನ ಕೆರಳಿತ್ತು. ಒಂದು ಯಃಕಶ್ಚಿತ್ ಎಲೆಕೋಸಿಗಾಗಿ ಇಷ್ಟು ದೊಡ್ಡ ಗುಂಡಿಯನ್ನು ಮತ್ತೆ ಒತ್ತುವುದೇ? ಕೈಯಾರೆ ಕಿತ್ತುಹಾಕುತ್ತೇನೆ!

ನನ್ನ ಪುಟದಲ್ಲಿ ಹುಡುಕುವ ಅನುಕೂಲವನ್ನೂ ಮಾಡಿದ್ದೆ. 'ಎಲೆಕೋಸು' ಎಂದು ಟೈಪ್ ಮಾಡಿದೆ. ಲ್ಯಾಪ್‌ಟಾಪಿನ ಮೂಲೆಯ ಪುಟ್ಟ ಚೌಕದಲ್ಲಿ ಅದೊಂದೇ ಬಂದು ನಿಂತಿತು. ಸಿಕ್ಕಿದೆಯಾ ಮಗನೇ ಎಂದು ಪಕ್ಕದ ಕತ್ತರಿ ಗುರುತನ್ನು ಒತ್ತಿದೆ. ಹೋಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಹೋಗಲಿಲ್ಲ. ಹಲ್ಲು ಕಚ್ಚಿ ಮತ್ತೆ ಒತ್ತಿದೆ.

ಒಲೆಯ ಕಡೆಯಿಂದ ಆಚಾರ್ರ ಶಾಂತವಾದ ದನಿ ಕೇಳಿಸಿತು. "ಸ್ವಾಮಿ, ಅಕ್ಕಿ ಹೋಯ್ತು. ಅನ್ನ ಇಳಿಸ್ಲಾ?"

"ಏನು?"

"ತೊಗರಿಬೇಳೆನೂ ಹೋಯ್ತು. ಈಗ ತುಪ್ಪ ಹೋಯ್ತು. ನೀವೇ ಹೇಳಿದ್ರಲ್ಲ, ಪರದೆಯಲ್ಲಿ ಇಲ್ಲದ್ದು ಒಲೆ ಮೇಲಿರಕೂಡದು ಅಂತ."

ನಡೆದದ್ದು ಇಷ್ಟು. ಚೌಕದಲ್ಲಿ ಎಲೆಕೋಸು ಮೊದಲನೆಯದಾಗಿ ಕಂಡಿತ್ತು. ನಾನು ಬರೆದ ಪ್ರೋಗ್ರಾಮು 'ಮೊದಲನೆಯದನ್ನು ತೆಗೆ' ಎಂಬ ಅಪ್ಪಣೆಯನ್ನು ಇಡೀ ಪಟ್ಟಿಗೆ ಅನ್ವಯಿಸಿ, ಅಲ್ಲಿ ಮೊದಲು ನಿಂತವರನ್ನೆಲ್ಲ ಸಾಲಾಗಿ ಸಾಗಹಾಕಿತ್ತು! ಹಿಂತಿರುಗಿ ನೋಡಿದರೆ ಆಚಾರ್ರು ನಿಜವಾಗಿಯೂ ಕುದಿಯುತ್ತಿದ್ದ ಅನ್ನದ ಕೊಳಗವನ್ನು ಇಳಿಸಲು ಇಕ್ಕಳ ಹಿಡಿದು ಸಿದ್ಧವಾಗಿದ್ದರು.

"ಬೇಡ! ಬೇಡ! ಅನ್ನ ಅಲ್ಲೇ ಇರಲಿ!"

"ಪರದೆಯಲ್ಲಿ ಇಲ್ವಲ್ಲ ಸ್ವಾಮಿ."

"ಬರತ್ತೆ! ಈಗ ಬರತ್ತೆ!" ಎಂದು ಪುಟವನ್ನು ಮತ್ತೆ ಹೊಸದಾಗಿ ತೆರೆದೆ. ಬಂತು! ಅಕ್ಕಿ ಬಂತು, ಬೇಳೆ ಬಂತು, ತುಪ್ಪ ಬಂತು. ಅವುಗಳ ಬೆನ್ನಿಗೇ ಬದನೆಕಾಯಿ, ಬೀನ್ಸ್, ಕ್ಯಾರೆಟ್, ಎಲೆಕೋಸು, ಹೀರೇಕಾಯಿ, ಸೌತೆಕಾಯಿ, ಕುಂಬಳಕಾಯಿ, ಒಂದು ಸಂಸಾರವೇ ಪ್ರವಾಸ ಮುಗಿಸಿ ವಾಪಸಾದಂತೆ ಬಂತು! ನಾನು ಇದುವರೆಗೆ ತೆಗೆದದ್ದೆಲ್ಲ ಕಣ್ಣಿಗೆ ಕಾಣುವ ಪರದೆಯಿಂದ ಮಾತ್ರ. ದೂರದ ಸರ್ವರಿನ ಉಗ್ರಾಣದಲ್ಲಿ ಎಲ್ಲವೂ ಕ್ಷೇಮವಾಗಿದ್ದವು.

ಆಗ ಸುಧಾ ಬಂದಳು. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಂಟರಿಗೆಲ್ಲ ಅರಿಶಿನ ಕುಂಕುಮ ಕೊಟ್ಟು ಕೊಟ್ಟು ದಣಿದಿದ್ದಳು. "ಏನ್ರೀ, ಎಲ್ಲಾ ಸರಿಯಾಗಿದ್ಯಾ? ದೊಡ್ಡಪ್ಪ ಪೂರ್ಣಾಹುತಿ ಮುಗಿಸಿ ಅಡುಗೆಮನೆ ನೋಡಕ್ಕೆ ಬರ್ತಾರಂತೆ. ಶ್ರೀಧರ ಹೆದರಿ ಸಾಯ್ತಿದಾನೆ."

"ಸರಿಯಾಗಿದೆ! ಬಹಳ ಸರಿಯಾಗಿದೆ!" ಎಂದೆ. ನನ್ನ ಶಲ್ಯ ಬೆವರಿನಲ್ಲಿ ತೊಯ್ದಿತ್ತು. ಅವಳು ನನ್ನ ಮುಖವನ್ನೇ ನೋಡಿ, "ನಾನು ಅವನಿಗೆ ಮಾತು ಕೊಟ್ಟಿದೀನಿ ರೀ" ಎಂದಷ್ಟೇ ಹೇಳಿ ಹೋದಳು.

ಪರದೆಯನ್ನು ದಿಟ್ಟಿಸುತ್ತ, ಮೊದಲ ಸಲ ಗುಂಡಿ ಒತ್ತಿದಾಗ ಆದದ್ದನ್ನು ನೆನೆದೆ. ಬದನೆಕಾಯಿ ಹೋಗಿತ್ತು, ಬೀನ್ಸ್ ಉಳಿದಿತ್ತು. ಕ್ಯಾರೆಟ್ ಹೋಗಿತ್ತು, ಎಲೆಕೋಸು ಉಳಿದಿತ್ತು. ಒಂದು ಬಿಟ್ಟು ಒಂದು! ಥಟ್ಟನೆ ಹೊಳೆಯಿತು. ಬದನೆಕಾಯಿಯನ್ನು ಎಬ್ಬಿಸಿದ ಕೂಡಲೇ ಬೀನ್ಸ್ ಒಂದು ಸ್ಥಾನ ಸರಿದು ಅದರ ಜಾಗದಲ್ಲಿ ಕೂತಿದೆ. ನನ್ನ ಪ್ರೋಗ್ರಾಮು ಅಷ್ಟರಲ್ಲಿ ಮುಂದಿನ ಸ್ಥಾನಕ್ಕೆ ಹೋಗಿಬಿಟ್ಟಿದೆ. ಬೀನ್ಸನ್ನು ಯಾರೂ ಕೇಳಲೇ ಇಲ್ಲ! ಒಂದನ್ನು ತೆಗೆದರೆ ಹಿಂದೆ ಇರುವುದೆಲ್ಲ ಒಂದೊಂದು ಹೆಜ್ಜೆ ಮುಂದಕ್ಕೆ ಬರುತ್ತದೆ! ಐದು ಅಂಕದ ಪ್ರಶ್ನೆ! ನನಗೆ ಸೊನ್ನೆ!

ನಾಚಿಕೆಯಾಯಿತು, ಆದರೆ ಉತ್ಸಾಹ ಅದಕ್ಕಿಂತ ಜೋರಾಗಿ ಉಕ್ಕಿತು. ಕಾಯಿಲೆ ಗೊತ್ತಾದ ಮೇಲೆ ಮದ್ದು ಎಷ್ಟರದು? ಫ್ರೇಮ್‌ವರ್ಕಿನವರು 'ಫಿಲ್ಟರ್' ಎಂಬ ದಿವ್ಯಾಸ್ತ್ರವನ್ನೇ ಬಳಸಿ ಎಂದು ಹೇಳಿದ್ದಾರೆ. ಒಂದೊಂದಾಗಿ ಕೀಳುವ ಗೋಜೇ ಇಲ್ಲ, ಇಡೀ ಪಟ್ಟಿಯನ್ನು ಒಂದೇ ಸಲ ಸೋಸಿ ಹೊಸ ಪಟ್ಟಿ ಕೊಡುತ್ತದೆ. ನಾಲ್ಕು ಜನ ಸಾಲಿಗ್ರಾಮದ ಪೂಜೆಗೆ ದಾರಿ ಬಿಡಿ ಎಂದು ಕೂಗುತ್ತಿದ್ದರೂ ಲಕ್ಷಿಸದೆ ಬೆಲ್ಲದ ಡಬ್ಬದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆದೆ. 'ತರಕಾರಿಯಾಗಿದ್ದರೆ ಫಿಲ್ಟರ್ ಮಾಡು.' ಈ ಸಲ ಪರದೆಗಷ್ಟೇ ಅಲ್ಲ, ಉಗ್ರಾಣಕ್ಕೂ ಅನ್ವಯಿಸುವಂತೆ! ಮತ್ತೆ ವಾಪಸು ಬರಕೂಡದು ನೋಡಿ! ಒತ್ತಿದೆ.

ಕಾಫಿ ಫಿಲ್ಟರನ್ನು ನೀವು ನೋಡಿದ್ದೀರಿ. ಮೇಲೆ ಉಳಿಯುವುದು ಚರಟ, ಕೆಳಗಿಳಿಯುವುದು ಡಿಕಾಕ್ಷನ್. ಯಾವುದನ್ನು ಇಟ್ಟುಕೊಳ್ಳಬೇಕೆಂದು ಫಿಲ್ಟರಿಗೆ ನಾವು ಹೇಳಬೇಕು. ನಾನು ಯಾವುದನ್ನು ಎಸೆಯಬೇಕೆಂದು ಹೇಳಿದ್ದೆ. ಅದು ವಿನಯದಿಂದ ಅದನ್ನೇ ಇಟ್ಟುಕೊಂಡಿತು!

ಅಕ್ಕಿ ಇಲ್ಲ. ಬೇಳೆ ಇಲ್ಲ. ತುಪ್ಪ, ಬೆಲ್ಲ, ಮೆಣಸು, ಉಪ್ಪು ಒಂದೂ ಇಲ್ಲ. ವರ್ಷವಿಡೀ ತರಕಾರಿ ಬೇಯಿಸಿದ ಅಡುಗೆಮನೆಯಲ್ಲಿ, ತರಕಾರಿ ಕೂಡದ ಒಂದೇ ಒಂದು ತಿಂಗಳಲ್ಲಿ, 'ಇಂದಿನ ಅಡುಗೆ' ಎಂಬ ದೊಡ್ಡ ಅಕ್ಷರಗಳ ಕೆಳಗೆ ಏಳೇ ಏಳು ಹೆಸರುಗಳು ಥಳಥಳ ಹೊಳೆಯುತ್ತಿದ್ದವು. ಬದನೆಕಾಯಿಯಿಂದ ಕುಂಬಳಕಾಯಿಯ ತನಕ!

ಪುಟವನ್ನು ಮತ್ತೆ ತೆರೆದೆ. ಅದೇ ಏಳು. ಉಗ್ರಾಣವನ್ನೂ ಗುಡಿಸಿ ಹಾಕಿದ್ದೆನಲ್ಲ!

"ಸ್ವಾಮಿ," ಎಂದರು ಆಚಾರ್ರು, "ಈಗ ಎಲ್ಲಾ ಇಳಿಸಿಬಿಡ್ಲಾ?"

ಬಾಗಿಲಲ್ಲಿ ಮಡಿಪಂಚೆಯ ಸದ್ದಾಯಿತು. ದೊಡ್ಡಮಾವ! ಹಿಂದೆ ಬಿಳುಚಿಕೊಂಡ ಶ್ರೀಧರ, ಅವನ ಹಿಂದೆ ಸುಧಾ. ದೊಡ್ಡಮಾವ ಕನ್ನಡಕ ಸರಿಪಡಿಸಿಕೊಂಡು ಟೀವಿಯನ್ನು ನೋಡಿದರು. ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದರು. ಬದನೆಕಾಯಿಗೆ ಹುಬ್ಬು ಮೇಲೇರಿತು. ಎಲೆಕೋಸಿಗೆ ಮೂಗಿನ ಹೊಳ್ಳೆ ಅರಳಿತು. ಕುಂಬಳಕಾಯಿಗೆ ಬರುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಮೈಸೂರಿನ ಬಸ್ಸು ಹತ್ತಿಯಾಗಿತ್ತು.

"ಸುಧಾ," ಎಂದರು ದೊಡ್ಡಮಾವ ನಿಧಾನವಾಗಿ, "ನಿನ್ನ ಗಂಡ ಇವತ್ತು ನನಗೆ ಇದನ್ನೆಲ್ಲ ಬಡಿಸ್ತಾನೇನಮ್ಮ?"

ಶ್ರೀಧರ ಗೋಡೆ ಹಿಡಿದುಕೊಂಡ. ಸುಧಾ ಮಾತ್ರ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಅಯ್ಯೋ ಇಲ್ಲ ದೊಡ್ಡಪ್ಪ! ಇವತ್ತು ಏನೇನು ಹಾಕಕೂಡದು ಅಂತ ಅಡುಗೆಯವರ ಕಣ್ಣೆದುರಿಗೆ ಬರೆಸಿಟ್ಟಿರೋದು ಅದು. ಕೆಲಸದ ಗಡಿಬಿಡೀಲಿ ಯಾರೂ ಮರೀಬಾರದು ನೋಡಿ. ಮೇಲಿನ ಸಾಲು ಇನ್ನೂ ಬದಲಾಯಿಸಿಲ್ಲ, ಅಷ್ಟೇ. ಅಲ್ವಾ ಆಚಾರ್ರೇ?"

ಆಚಾರ್ರು ಕಣ್ಣು ಕೂಡ ಮಿಟುಕಿಸಲಿಲ್ಲ. "ಹೌದಮ್ಮ. ಬೆಳಗಿಂದ ಅದನ್ನೇ ನೋಡ್ಕೊಂಡು ಒಂದನ್ನೂ ಮುಟ್ಟಿಲ್ಲ" ಎಂದು ಕೊಳಗದ ಮುಚ್ಚಳ ತೆಗೆದರು. ಅನ್ನ ಮಲ್ಲಿಗೆಯ ಹಾಗೆ ಅರಳಿತ್ತು. ತೊವ್ವೆ, ಮೆಣಸಿನ ಸಾರು, ಆಂಬೊಡೆ, ಹಯಗ್ರೀವ, ಮಾವಿನಹಣ್ಣಿನ ಸೀಕರಣೆ, ಎಲ್ಲವೂ ಅಚ್ಚುಕಟ್ಟು. ನನ್ನ ಪರದೆಯನ್ನು ಅವರು ಬೆಳಗಿನಿಂದ ಒಂದು ಮನರಂಜನೆಯಾಗಿ ಮಾತ್ರ ನೋಡಿದ್ದರೆಂದು ಆಗ ತಿಳಿಯಿತು.

ದೊಡ್ಡಮಾವನ ಮುಖ ಅರಳಿತು. ಮತ್ತೊಮ್ಮೆ ಟೀವಿ ನೋಡಿದರು. "ಭೇಷ್! ಏಳೂ ಸರಿಯಾಗಿದೆ, ಒಂದನ್ನೂ ಬಿಟ್ಟಿಲ್ಲ. ಅಳಿಯಂದಿರು ಬುದ್ಧಿವಂತರು!" ಎಂದು ನನ್ನ ಬೆನ್ನು ತಟ್ಟಿ ಹೊರಟುಹೋದರು. ಜೀವಮಾನದಲ್ಲಿ ನನ್ನ ಯಾವ ಪ್ರೋಗ್ರಾಮಿಗೂ ಇಂಥ ಹೊಗಳಿಕೆ ಸಿಕ್ಕಿರಲಿಲ್ಲ!

ಅವರು ಮರೆಯಾದ ಕೂಡಲೇ ಸುಧಾ ಟೀವಿಯ ಪ್ಲಗ್ಗನ್ನು ಕಿತ್ತಳು.

"ಸುಧಾ, ನೀನು ದೇವತೆ! ಈಗ ನಾನೇನು ಮಾಡ್ಲಿ ಹೇಳು, ಏನು ಬೇಕಾದ್ರೂ ಮಾಡ್ತೀನಿ."

"ಊಟ ಆದ್ಮೇಲೆ ಎಂಜಲೆಲೆ ತೆಗೀರಿ. ಅದಕ್ಕೆ ಕಂಪ್ಯೂಟರ್ ಬೇಡ."

ಪಂಕ್ತಿ ಅದ್ಭುತವಾಗಿ ನಡೆಯಿತು. ದೊಡ್ಡಮಾವ ಹಯಗ್ರೀವವನ್ನು ಎರಡನೆಯ ಸಲ ಹಾಕಿಸಿಕೊಂಡರು. ಊರಿನವರೆಲ್ಲ ಕೇಳುವಂತೆ ಶ್ರೀಧರನನ್ನು ಹೊಗಳಿದರು. ಸುಧಾ ಬೆಳಗಿನಿಂದ ಒಂದು ತೊಟ್ಟು ಕಾಫಿ ಬಿಟ್ಟು ಬೇರೇನನ್ನೂ ಬಾಯಿಗೆ ಹಾಕದೆ, ಕೊನೆಯ ಪಂಕ್ತಿಯವರೆಗೂ ತುಪ್ಪ ಬಡಿಸಿದಳು. ಎಲ್ಲರೂ ಕೈತೊಳೆಯಲು ಎದ್ದರು. ನಾನು ಪಂಚೆಯನ್ನು ಮೇಲೆ ಕಟ್ಟಿದೆ.

ಈಗ ನನ್ನ ಸರದಿ! ಸಾಲಿನಿಂದ ತೆಗೆಯುವ ಕೆಲಸ! ಮುಂದಿನಿಂದ ತೆಗೆದರೆ ತಾನೇ ತಪ್ಪುವ ಭಯ? ಕೊನೆಯಿಂದ ಮುಂದಕ್ಕೆ ಬಂದರೆ ಏನೇ ಸರಿದರೂ ಒಂದೂ ತಪ್ಪುವುದಿಲ್ಲ. ಬೆಳಿಗ್ಗೆ ಹೊಳೆಯಬೇಕಾಗಿದ್ದ ಈ ಶಾಸ್ತ್ರೋಕ್ತ ಪರಿಹಾರ ಮಧ್ಯಾಹ್ನ ಹೊಳೆಯಿತಲ್ಲ ಎಂದು ಕುಣಿಯುವಂತಾಯಿತು. ನೇರವಾಗಿ ಸಾಲಿನ ಕೊನೆಗೆ ಹೋದೆ. ಅಲ್ಲಿದ್ದ ಎಲೆಯಲ್ಲಿ ಅನ್ನ, ತೊವ್ವೆ, ಆಂಬೊಡೆ, ಸೀಕರಣೆ ಎಲ್ಲವೂ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಯಾರೋ ಏನನ್ನೂ ಮುಟ್ಟದೆ ಎದ್ದು ಹೋಗಿದ್ದಾರೆ, ಎಂಥ ಜನ ಎಂದು ಬೈದುಕೊಂಡು ಮಡಿಸಿ ಬುಟ್ಟಿಗೆ ಹಾಕಿದೆ. ಅಲ್ಲಿಂದ ಸರಸರನೆ ಮುಂದಕ್ಕೆ ಬಂದೆ. ಒಂದು ಎಲೆಯೂ ಉಳಿಯಲಿಲ್ಲ! ನನ್ನ ಜೀವನದ ಮೊದಲ ದೋಷರಹಿತ ತೆಗೆಯುವಿಕೆ! ಬುಟ್ಟಿಯನ್ನು ಹೊರಗಿಟ್ಟು, ಕೈತೊಳೆದು ಬಂದು, ಎದೆಯುಬ್ಬಿಸಿ ನಿಂತೆ.

ಸುಧಾ ಕೈಕಾಲು ತೊಳೆದುಕೊಂಡು ಬಂದಳು. ಸಾಲಿನ ಕೊನೆಯನ್ನು ನೋಡಿದಳು. ಕೆಳಗೆ ನೋಡಿದಳು, ನನ್ನನ್ನು ನೋಡಿದಳು.

"ರೀ, ಇಲ್ಲಿ ಶ್ರೀಧರ ನನಗೆ ಅಂತ ಬಡಿಸಿಟ್ಟಿದ್ದ ಎಲೆ ಎಲ್ಲಿ?"

ನನ್ನ ಕಣ್ಣು ಹೊರಗಿಟ್ಟ ಬುಟ್ಟಿಯ ಕಡೆ ಹೋಯಿತು.

"ಬೆಳಗಿಂದ ಒಂದು ಎಲೆಕೋಸು ತೆಗೆಯಕ್ಕೆ ಆಗ್ಲಿಲ್ಲ ನಿಮ್ಮ ಕೈಲಿ. ನನ್ನ ಎಲೆ ಮಾತ್ರ ಒಂದೇ ಸಲಕ್ಕೆ ಹೋಯ್ತಾ?"

ಹಸಿವಿನಿಂದ ಅವಳ ಮುಖ ಬಾಡಿತ್ತು. ಅದನ್ನು ನೋಡಿ ನನಗೆ ನಿಜವಾಗಿಯೂ ಅಳು ಬಂತು. ಓಡಿಹೋಗಿ ಬಾಳೆಯೆಲೆ ಹುಡುಕಿ ತಂದೆ, ನೀರು ಚಿಮುಕಿಸಿದೆ, ಕೊಳಗದ ತಳ ಕೆರೆದು ಅನ್ನ ತಂದು ಬಡಿಸಲು ಬಗ್ಗಿದೆ. ಸುಧಾ ನನ್ನ ಕೈ ಹಿಡಿದು ತಡೆದಳು. ಇಷ್ಟು ಹೊತ್ತು ಹಿಡಿದಿಟ್ಟಿದ್ದ ನಗು ಅವಳಿಂದ ಒಮ್ಮೆಲೇ ಉಕ್ಕಿ ಬಂತು.

"ಎಲೆ ತಿರುಗಿಸಿ ಹಾಕಿ ರೀ. ಕುಡಿ ಎಡಕ್ಕೆ ಬರಬೇಕು."

ತೆಗೆಯುವುದು ನನಗೆ ಬರುವುದಿಲ್ಲವೆಂದು ಬೆಳಿಗ್ಗೆಯೇ ಗೊತ್ತಾಗಿತ್ತು. ಹಾಕುವುದೂ ಬರುವುದಿಲ್ಲವೆಂದು ಆಗ ಗೊತ್ತಾಯಿತು.